ಬಯಾಲಜಿಕ್ ಚುಚ್ಚುಮದ್ದಿಗೆ ಮೊದಲು ಕ್ಷಯ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ರುಮಟಾಯ್ಡ್ ಸಂಧಿವಾತ ಮತ್ತು ಸೋರಿಯಾಸಿಸ್‌ಗೆ ಕೊಡುವ ಬಯಾಲಜಿಕ್ (ಜೀವಕೋಶಗಳಲ್ಲಿ ತಯಾರಿಸುವ ಪ್ರೋಟೀನ್) ಚುಚ್ಚುಮದ್ದುಗಳ ಬೆಲೆ, 2014ರ ಕೊನೆಗೆ ಅವುಗಳಲ್ಲೊಂದಾದ ಅಡಲಿಮುಮಾಬ್‌ನ ದೇಶೀಯ ಬಯೋಸಿಮಿಲರ್ (ಮೂಲ ಮದ್ದನ್ನು ನಿಕಟವಾಗಿ ಹೋಲುವ ಮದ್ದು) ಬಂದ ಮೇಲೆ ಇಳಿದಿದೆ. ಒಳ್ಳೆಯದೇ. ಆದರೆ ಮನೆಯಲ್ಲಿ ತಾವೇ ಚುಚ್ಚಿಕೊಳ್ಳಬೇಕಾದವರ ಕೈಗೆ ಸಿಗುವುದು ಡಬ್ಬದೊಳಗಿನ, ಇರುವೆ ಗಾತ್ರದ ಅಕ್ಷರಗಳ ಇಂಗ್ಲಿಷ್ ಕಾಗದ. ಕನ್ನಡದಲ್ಲಿ ಒಂದು ಪುಟದ ಸೂಚನೆ ಕಡ್ಡಾಯವಾಗಬೇಕು. ಅದರ ಮೊದಲ ಸಾಲಿನಲ್ಲಿ ಕ್ಷಯದ ಮಾತೇ ಇರಬೇಕು.

ಕಾರಣ ಸರಳ. ಚಿಕ್ಕಂದಿನಲ್ಲಿ ಒಳಹೊಕ್ಕ ಕ್ಷಯದ ಬ್ಯಾಕ್ಟೀರಿಯಾವನ್ನು ನಮ್ಮಲ್ಲಿ ಎಷ್ಟೋ ಜನರ ದೇಹ ಸುತ್ತುಗಟ್ಟಿ ಸುಮ್ಮನಿರಿಸಿರುತ್ತದೆ. ಆ ಕಟ್ಟು ಸಡಿಲವಾಗದಿರಲು ಟಿಎನ್‌ಎಫ್ ಎಂಬ ಪ್ರೋಟೀನು ಬೇಕು. ಅಡಲಿಮುಮಾಬ್, ಇನ್‌ಫ್ಲಿಕ್ಸಿಮಾಬ್ ತಡೆಯುವುದು ಅದನ್ನೇ. ಬೇರೆ ಪ್ರೋಟೀನನ್ನು ತಡೆಯುವ ಸೆಕುಕಿನುಮಾಬ್‌ನಂಥ ಮದ್ದುಗಳಲ್ಲಿ ಹೀಗೆ ಸುಪ್ತವಾಗಿರುವ ಕ್ಷಯ ಎಚ್ಚರಗೊಳ್ಳುವ ಅಪಾಯ ತೀರಾ ಕಡಿಮೆ. ಆದರೂ ಪರೀಕ್ಷೆ ಬಿಡುವಂತಿಲ್ಲ. ಎದೆಯ ಎಕ್ಸ್‌ರೇ ಜೊತೆಗೆ ಮಾಂಟೂ (ಚರ್ಮದಲ್ಲಿ ಚುಚ್ಚಿ ಊತ ಅಳೆಯುವ ಪರೀಕ್ಷೆ) ಅಥವಾ ಐಜಿಆರ್‌ಎ ರಕ್ತಪರೀಕ್ಷೆ ಆಗಬೇಕು. ಮಾಂಟೂವಿನಲ್ಲಿ 5 ಮಿ.ಮೀ. ಗಟ್ಟಿ ಊತ ಬಂದರೂ ಈ ಮದ್ದು ಪಡೆಯುವವರ ಮಟ್ಟಿಗೆ ಅದು ಪಾಸಿಟಿವ್. ಸ್ಟಿರಾಯ್ಡ್ ನುಂಗುತ್ತಿರುವವರಲ್ಲಿ ಎರಡೂ ಪರೀಕ್ಷೆಗಳು ಸುಳ್ಳು ನೆಗೆಟಿವ್ ತೋರಿಸಬಹುದು, ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿತ್ತೇ ಎಂದು ವೈದ್ಯರು ಕೇಳಲೇಬೇಕು. ಸುಪ್ತ ಕ್ಷಯವಿದ್ದರೆ ಅದರ ಮಾತ್ರೆ ಶುರುವಾಗಿ ಸಾಮಾನ್ಯವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಚುಚ್ಚುಮದ್ದು. ಆಮೇಲೂ ಮಾತ್ರೆಯ ಕೋರ್ಸ್ ಪೂರ್ತಿ ಮುಗಿಸಬೇಕು. ಹೆಪಟೈಟಿಸ್ ಬಿ, ಸಿ ಪರೀಕ್ಷೆಗಳೂ ಇದೇ ಹೊತ್ತಿಗೆ ಆಗಲಿ. ಪರೀಕ್ಷೆ ನೆಗೆಟಿವ್ ಬಂತೆಂದು ಮೈಮರೆಯುವಂತಿಲ್ಲ: ಈ ಮದ್ದಿನಲ್ಲಿರುವವರಿಗೆ ಕ್ಷಯ ಬಂದಾಗ ಕೆಮ್ಮೇ ಇಲ್ಲದಿರಬಹುದು. ಸಂಜೆ ಜ್ವರ, ತೂಕ ಇಳಿಕೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಮುಂದಿನ ಡೋಸ್ ನಿಲ್ಲಿಸಿ ವೈದ್ಯರನ್ನು ನೋಡಬೇಕು. ಇತರ ಸೋಂಕಿಗೆ ಆಂಟಿಬಯಾಟಿಕ್ ನಡೆಯುತ್ತಿರುವಾಗಲೂ ಅಷ್ಟೇ.

ಇನ್ನು ಫ್ರಿಜ್. ಮದ್ದಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಬಾಗಿಲಿನ ತಟ್ಟೆ ಬೇಡ, ಐಸ್ ಕಟ್ಟುವ ಭಾಗಕ್ಕೆ ತಾಗಿಸಿಯೂ ಬೇಡ. ನಡುವಿನ ತಟ್ಟೆಯಲ್ಲಿ ಡಬ್ಬದೊಳಗೇ ಇರಲಿ. ಹೆಪ್ಪುಗಟ್ಟಿದ ಸಿರಿಂಜು ಕರಗಿದ ಮೇಲೆ ತಿಳಿಯಾಗಿ ಕಂಡರೂ ಬಳಸಬಾರದು, ಒಳಗಿನ ಪ್ರೋಟೀನು ಕೆಟ್ಟಿರುತ್ತದೆ. ಪ್ರಯಾಣದಲ್ಲಿ ಐಸ್ ಪ್ಯಾಕ್ ನೇರ ತಾಗದಂತೆ ನಡುವೆ ಬಟ್ಟೆ ಸುತ್ತಿ. ಕೆಲವು ಬ್ರ್ಯಾಂಡ್‌ಗಳನ್ನು 25 ಡಿಗ್ರಿವರೆಗಿನ ಉಷ್ಣತೆಯಲ್ಲಿ 14 ದಿನ ಹೊರಗಿಡಬಹುದು, ಆದರೆ ರಾಯಚೂರು, ಕಲಬುರಗಿಯ ಏಪ್ರಿಲ್‌ಗೆ ಆ ವಿನಾಯಿತಿ ಅನ್ವಯಿಸದು!

ಚುಚ್ಚುವ ಮೊದಲು ಅರ್ಧ ಗಂಟೆ ಹೊರಗಿಡಿ. ತಣ್ಣಗಿದ್ದರೆ ಉರಿ ಹೆಚ್ಚು; ಬಿಸಿನೀರಿನಲ್ಲಿ ಅದ್ದಬಾರದು, ಅಲುಗಿಸಬಾರದು. ತೊಡೆಯ ಮುಂಭಾಗ, ಇಲ್ಲವೇ ಹೊಕ್ಕುಳಿಂದ ಎರಡು ಇಂಚು ದೂರದ ಹೊಟ್ಟೆಯ ಚರ್ಮ ಸೂಕ್ತ. ಸೋರಿಯಾಸಿಸ್‌ನ ಹಕ್ಕಳೆಯ ಮೇಲೆ, ಕಂದಿದ ಜಾಗದಲ್ಲಿ ಬೇಡ. ಪ್ರತಿ ಸಲ ಜಾಗ ಬದಲಿಸಿ. ಸಿರಿಂಜಿನ ಬದಲು ಪೆನ್ ಆಕಾರದ ಚುಚ್ಚುಸಾಧನ ಬಳಸುವವರು ಮಾಡುವ ದೊಡ್ಡ ತಪ್ಪೆಂದರೆ 'ಕ್ಲಿಕ್' ಕೇಳಿದೊಡನೆ ಎತ್ತಿಬಿಡುವುದು. ಬಹುತೇಕ ಪೆನ್‌ಗಳಲ್ಲಿ ಅದು ಮದ್ದು ಇಳಿಯಲು ಶುರುವಾದ ಸದ್ದು. ಪೆನ್ನಿನ ಮೇಲಿನ ಪುಟ್ಟ ಕಿಟಕಿಯ ಬಣ್ಣ ಪೂರ್ತಿ ಬದಲಾಗುವವರೆಗೆ ಒತ್ತಿಹಿಡಿಯದಿದ್ದರೆ ದುಬಾರಿ ಮದ್ದು ಚರ್ಮದ ಮೇಲೆ ಹರಿದುಹೋಗುತ್ತದೆ. ಚುಚ್ಚಿದ ಜಾಗ ಉಜ್ಜಬೇಡಿ.

ನೋವು ಹೋಯಿತೆಂದು ಜೊತೆಗಿನ ಮೆಥೋಟ್ರೆಕ್ಸೇಟ್ ಬಿಡುವವರಿದ್ದಾರೆ. ವೈದ್ಯರು ಹೇಳದೆ ಬಿಡಬಾರದು; ಅದು ವಾರಕ್ಕೊಮ್ಮೆಯ ಮಾತ್ರೆ ಎಂಬುದನ್ನೂ ಮರೆಯಬಾರದು. ಈ ಮದ್ದಿನಲ್ಲಿರುವವರಿಗೆ ಜೀವಂತ (ದುರ್ಬಲಗೊಳಿಸಿದ ರೋಗಾಣುವಿರುವ) ಲಸಿಕೆಗಳು ಸಲ್ಲವು. ಗರ್ಭಿಣಿಯಾಗಿದ್ದಾಗ ಕೊನೆಯ ತಿಂಗಳುಗಳಲ್ಲಿ ಅಡಲಿಮುಮಾಬ್ ಪಡೆದಿದ್ದರೆ ಹೆರಿಗೆ ಆಸ್ಪತ್ರೆಗೆ ಹೇಳಲೇಬೇಕು, ಏಕೆಂದರೆ ಅಂಥ ಮಗುವಿಗೆ ಹುಟ್ಟಿದಾಗ ಹಾಕುವ ಬಿಸಿಜಿ ಎಂಬ ಜೀವಂತ ಲಸಿಕೆಯನ್ನು ಸಾಮಾನ್ಯವಾಗಿ ಆರು ತಿಂಗಳು ಮುಂದೂಡಲಾಗುತ್ತದೆ.

ಆರೋಗ್ಯ ಇಲಾಖೆ ಇಷ್ಟನ್ನು ಒಂದು ಪುಟದಲ್ಲಿ ಅಚ್ಚುಹಾಕಿಸಿ ಜಿಲ್ಲಾಸ್ಪತ್ರೆಗಳಿಗೂ ಔಷಧ ಅಂಗಡಿಗಳಿಗೂ ಕಳಿಸಲಿ. ಕ್ಷಯ ಪರೀಕ್ಷೆಯ ದಿನಾಂಕ, ಫಲಿತಾಂಶ ಬರೆಯಲು ಅದೇ ಹಾಳೆಯಲ್ಲಿ ಜಾಗವಿರಲಿ. ಅದು ಖಾಲಿಯಿದ್ದರೆ ಅಂಗಡಿಯವರು ಮೊದಲ ಡೋಸ್ ಕೊಡುವ ಮುನ್ನ ವೈದ್ಯರಿಗೆ ಫೋನ್ ಮಾಡಲಿ.

– ಒಬ್ಬ ಫಾರ್ಮಸಿಸ್ಟ್, ದಾವಣಗೆರೆ