ಬೇಲಿ ಮೂರು ವರ್ಷದ ಮಗುವಿನ ಅಳತೆಗಿರಲಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಬೆಂಗಳೂರಿನ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ದಸರಾ ರಜೆ ಮುಗಿಯುತ್ತಿದ್ದಂತೆ ನಮ್ಮಂಥ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ, ಪಟ್ಟಿಯಲ್ಲಿ ಬನ್ನೇರುಘಟ್ಟ ಇದ್ದೇ ಇರುತ್ತದೆ. ಅದಕ್ಕೆ ಮೊದಲು ತಮ್ಮನ್ನು ಒಂದು ಪ್ರಶ್ನೆ ಕೇಳಬೇಕಿದೆ. ಮೃಗಾಲಯದಲ್ಲಿ ಮಗುವೊಂದು ಪ್ರಾಣಿಯ ಆವರಣದೊಳಗೆ ಬಿದ್ದರೆ ಹೊಣೆ ಯಾರದು? ಹೆತ್ತವರದೇ, ಕರೆದುಕೊಂಡು ಹೋದ ಟೀಚರದೇ, ಬೇಲಿ ಹಾಕಿಸಿದವರದೇ? ಅನಾಹುತ ಆದ ಮೇಲೆ ಟಿವಿಯಲ್ಲಿ ಕೂತು ಇದನ್ನು ಚರ್ಚಿಸುವುದು ಬೇಡ, ಈಗಲೇ ಇತ್ಯರ್ಥವಾಗಲಿ.

2016ರ ಮೇ 28ರಂದು ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ನಡೆದದ್ದು ತಮಗೂ ನೆನಪಿರಬಹುದು. ಮೂರು ವರ್ಷದ ಹುಡುಗ ಬೇಲಿ ದಾಟಿ ಗೊರಿಲ್ಲಾ ಆವರಣದ ಕಂದಕಕ್ಕೆ ಬಿದ್ದ. ಹರಾಂಬೆ ಎಂಬ 17 ವರ್ಷದ ಗಂಡು ಗೊರಿಲ್ಲಾ ಅವನನ್ನು ನೀರಿನಲ್ಲಿ ಎಳೆದಾಡಿತು. ಸುಮಾರು ಹತ್ತು ನಿಮಿಷ ಕಳೆದ ಮೇಲೆ ಸಿಬ್ಬಂದಿ ಅದಕ್ಕೆ ಗುಂಡು ಹೊಡೆದರು. ಅರಿವಳಿಕೆ ಕೊಡಬಹುದಿತ್ತಲ್ಲ ಎಂದು ಎಷ್ಟೋ ಜನ ಕೇಳಿದರು. ಮದ್ದು ಮೈಗೇರಲು ಕೆಲವು ನಿಮಿಷ ಬೇಕು, ಸೂಜಿ ನಾಟಿದ ಕೂಡಲೇ ಪ್ರಾಣಿ ಕೆರಳುವ ಭಯವೂ ಇದೆ. ಮಗು ಅದರ ಕೈಯಲ್ಲಿತ್ತು. ಗುಂಡು ಹೊಡೆದವರನ್ನು ನಾನು ದೂರಲಾರೆ. ಆದರೆ ಏನೂ ತಪ್ಪು ಮಾಡದ, ಅಳಿವಿನಂಚಿನ ಜೀವವೊಂದು ತನ್ನದೇ ಮನೆಯೊಳಗೆ ಸತ್ತಿತು ಎನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಆಗ ಊರೆಲ್ಲ ಆ ತಾಯಿಯ ಮೇಲೆ ಮುಗಿಬಿತ್ತು. ಜೂನ್ 6ರಂದು ಅಲ್ಲಿನ ಸರ್ಕಾರಿ ವಕೀಲರು ಆಕೆಯ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಹೇಳಿದರು. ನಾನು ಗಮನಿಸಿದ್ದು ಬೇಲಿಯ ಕಥೆಯನ್ನು. ಆ ಆವರಣ ತೆರೆದದ್ದು 1978ರಲ್ಲಿ. 38 ವರ್ಷ ಯಾರೂ ಹಾಗೆ ಒಳಗೆ ಬಿದ್ದಿರಲಿಲ್ಲ, ತಪಾಸಣೆಗಳಲ್ಲೂ ಬೇಲಿ ಪಾಸಾಗುತ್ತಲೇ ಬಂದಿತ್ತು. ಘಟನೆಯ ನಂತರ ಅದೇ ಬೇಲಿ ನಿಯಮಕ್ಕೆ ತಕ್ಕಂತಿರಲಿಲ್ಲ ಎಂದು ತನಿಖೆ ಹೇಳಿತು. 42 ಅಂಗುಲ ಎತ್ತರದ, ಹಗ್ಗದ ಬಲೆ ಹೆಣೆದ ಹೊಸ ತಡೆ ಬಂತು, ಜೂನ್ 7ಕ್ಕೆ ಆವರಣ ಮತ್ತೆ ತೆರೆಯಿತು. 38 ವರ್ಷ ಮಾಡದ ಕೆಲಸ ಹತ್ತು ದಿನದಲ್ಲಿ ಮುಗಿಯಿತು, ಸ್ವಾಮಿ. ಹೀಗಿರುವಾಗ, ನಮ್ಮ ಮೃಗಾಲಯಗಳಿಗೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇದೆ, ಇದುವರೆಗೆ ಏನೂ ಆಗಿಲ್ಲ ಎಂಬ ಉತ್ತರ ನನಗೆ ಸಾಲದು.

ಹೆತ್ತವರ ತಪ್ಪೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. 2012ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಮೃಗಾಲಯದಲ್ಲಿ ತಾಯಿಯೊಬ್ಬಳು ಎರಡು ವರ್ಷದ ಮಗನಿಗೆ ಚೆನ್ನಾಗಿ ಕಾಣಲಿ ಎಂದು ಕಂಬಿಯ ಮೇಲೆ ಎತ್ತಿ ಹಿಡಿದಳು. ಮಗು ಕೈಜಾರಿ ಆಫ್ರಿಕಾದ ಕಾಡುನಾಯಿಗಳ ನಡುವೆ ಬಿದ್ದು ಸತ್ತುಹೋಯಿತು. ಎತ್ತಬಾರದಿತ್ತು, ನಿಜ. ಆದರೆ ಏಕೆ ಎತ್ತಿದಳು? ಮಗುವಿನ ಎತ್ತರಕ್ಕೆ ಚೆನ್ನಾಗಿ ಕಾಣುತ್ತಿರಲಿಲ್ಲ ಅಂತ. ಭಾನುವಾರ ಬನ್ನೇರುಘಟ್ಟದ ಹುಲಿಯ ಮುಂದೆ ನಿಂತು ನೋಡಿ. ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣದ ಮಗು "ಅಪ್ಪಾ, ಎತ್ಕೋ" ಎನ್ನುತ್ತದೆ, ಅಪ್ಪ ಹೆಗಲಿಗೇರಿಸಿಕೊಳ್ಳುತ್ತಾನೆ. ಇದನ್ನು ಬೋರ್ಡು ಹಾಕಿ ತಡೆಯಲಾಗದು. ಮಗು ತನ್ನ ಕಾಲ ಮೇಲೆ ನಿಂತೇ ಪ್ರಾಣಿಯನ್ನು ನೋಡುವಂತೆ ಕೆಳಗಿನಿಂದಲೇ ಗಟ್ಟಿ ಗಾಜೋ ಸಣ್ಣ ಕಣ್ಣಿನ ಜಾಲರಿಯೋ ಇದ್ದರೆ, ಎತ್ತುವ ಅಗತ್ಯವೇ ಬೀಳುವುದಿಲ್ಲ.

ಮಕ್ಕಳ ಕಾಲಿನ ಬುದ್ಧಿ ನಮಗೆ, ಟೀಚರುಗಳಿಗೆ, ಚೆನ್ನಾಗಿ ಗೊತ್ತು. ಅಡ್ಡ ಕಂಬಿಯ ಗ್ರಿಲ್ ಕಂಡರೆ ಅವರಿಗೆ ಅದು ಏಣಿ. ಉದ್ದ ಕಂಬಿಯಾದರೆ ತಲೆ ತೂರುತ್ತದೋ ನೋಡುತ್ತಾರೆ. ಬೇಲಿಯ ಪಕ್ಕದಲ್ಲಿ ಕಲ್ಲುಬೆಂಚು, ಹೂಕುಂಡ, ಕಸದ ಡಬ್ಬ ಇದ್ದರೆ ಬೇಲಿಯ ಎತ್ತರ ಅಷ್ಟು ಕಡಿಮೆಯಾಯಿತೆಂದೇ ಲೆಕ್ಕ. ಪ್ರವಾಸದಲ್ಲಿ ಒಬ್ಬ ಟೀಚರ ಹಿಂದೆ ಹಲವಾರು ಮಕ್ಕಳಿರುತ್ತಾರೆ. ಒಬ್ಬನ ಚಪ್ಪಲಿ ಬಕಲ್ ಹಾಕಲು ಬಗ್ಗಿದರೆ ಉಳಿದವರು ಕಣ್ಣ ಮುಂದೆ ಇಲ್ಲ. ದೊಡ್ಡವರ ಗಮನ ಅಷ್ಟು ಹೊತ್ತು ತಪ್ಪಿಯೇ ತಪ್ಪುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಬೇಲಿ ಕಟ್ಟಬೇಕು. ಆ ಹೊಣೆ ಮೃಗಾಲಯದ್ದು, ಅದರ ಮೇಲಿರುವ ತಮ್ಮದು.

ಇದು ದೂರದ ಮಾತೂ ಅಲ್ಲ. 2025ರ ಆಗಸ್ಟ್‌ನಲ್ಲಿ ಬನ್ನೇರುಘಟ್ಟದ ಸಫಾರಿಯಲ್ಲಿ ವಾಹನದ ಕಿಟಕಿಯ ಬಳಿ ಚಿರತೆ ಬಾಲಕನೊಬ್ಬನ ಕೈ ಪರಚಿತು. ಕಿಟಕಿಗೆ ಜಾಲರಿ ಬೇಕೆಂಬ ಕೂಗು ಜೋರಾದದ್ದು ಆಮೇಲೆ. 2017ರ ಅಕ್ಟೋಬರ್‌ನಲ್ಲಿ ಅಲ್ಲಿಯೇ ಪ್ರಾಣಿಪಾಲಕರೊಬ್ಬರು ಹುಲಿಗಳ ದಾಳಿಗೆ ಬಲಿಯಾದರು. ಮಗು ಒಳಗೆ ಬಿದ್ದಾಗ ಮೊದಲು ಓಡಿಬರುವವರು ಇಂಥ ಪಾಲಕರೇ. ಪ್ರಾಣಿಯನ್ನು ಕೂಗಿ ಒಳಕೋಣೆಗೆ ಕರೆಯುವುದು ಯಾರು, ಅರಿವಳಿಕೆ ಬಂದೂಕು ಎಲ್ಲಿದೆ, ಗುಂಡು ಹೊಡೆಯಿರಿ ಎನ್ನುವ ಅಧಿಕಾರ ಆ ಗಳಿಗೆಯಲ್ಲಿ ಸ್ಥಳದಲ್ಲಿರುವ ಯಾರಿಗಿದೆ? ಮೇಲಧಿಕಾರಿಗೆ ಫೋನು ಹಚ್ಚಿ ಕಾಯುವಷ್ಟು ಹೊತ್ತು ಅವರಿಗೆ ಇರುವುದಿಲ್ಲ.

ಆದ್ದರಿಂದ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ತಾವು ಆದೇಶ ಕೊಡಬೇಕು. ಬನ್ನೇರುಘಟ್ಟದಿಂದ ಮೈಸೂರಿನವರೆಗೆ ಪ್ರತಿ ಆವರಣದ ಬೇಲಿಯನ್ನೂ ಸಣ್ಣ ಮಕ್ಕಳ ಎತ್ತರ, ಅವರ ಚುರುಕುತನವನ್ನು ಅಳತೆಯಾಗಿಟ್ಟುಕೊಂಡು ಪರೀಕ್ಷಿಸಲಿ. ತಪಾಸಣೆಗೆ ಎಂಜಿನಿಯರುಗಳ ಜೊತೆ ಅಂಗನವಾಡಿ ಕಾರ್ಯಕರ್ತೆಯರನ್ನೂ ಕರೆಯಲಿ, ಎಲ್ಲಿ ಹತ್ತಬಹುದು ಎನ್ನುವುದು ಅವರಿಗೆ ಬೇಗ ಕಾಣುತ್ತದೆ. ಮಗುವನ್ನು ಕಂಬಿಯ ಮೇಲೆ ಕೂರಿಸಿ ಫೋಟೊ ತೆಗೆಯುವವರಿಗೆ ಸ್ಥಳದಲ್ಲೇ ದಂಡ ಹಾಕಲಿ, ನಾನು ಒಪ್ಪುತ್ತೇನೆ. ಮಂಗಳವಾರ ಉದ್ಯಾನಕ್ಕೆ ರಜೆ. ಆ ದಿನ ಗೊಂಬೆಯೊಂದನ್ನು ಕಂದಕಕ್ಕೆ ಹಾಕಿ, ಎಷ್ಟು ನಿಮಿಷದಲ್ಲಿ ಅದು ಹೊರಗೆ ಬರುತ್ತದೆ ಎಂದು ಅಣಕು ಕಾರ್ಯಾಚರಣೆ ನಡೆಸಿ ನೋಡಲಿ.

ಇದೆಲ್ಲದರ ವರದಿ ಕನ್ನಡದಲ್ಲಿ, ಎಲ್ಲರಿಗೂ ಸಿಗುವಂತೆ, ಈ ಸಲದ ಶಾಲಾ ಪ್ರವಾಸಗಳು ಶುರುವಾಗುವ ಮುನ್ನ ಪ್ರಕಟವಾಗಲಿ. ಪ್ರವಾಸದ ಒಪ್ಪಿಗೆ ಪತ್ರಕ್ಕೆ ಪೋಷಕರ ಸಹಿ ಕೇಳುವಾಗ ಅದರ ಪ್ರತಿಯನ್ನೂ ಅವರ ಕೈಗೆ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪ್ರಾಥಮಿಕ ಶಾಲಾ ಶಿಕ್ಷಕಿ, ಬೆಂಗಳೂರು