ಕೈಕೊಟ್ಟ ಹನ್ನೊಂದನೇ ಪ್ರಶ್ನೆ

ಪ್ರೀತಿಯ ಗೆಳೆಯ,

ಸಮಾಜ ಸಂಶೋಧನೆಯಲ್ಲಿ ಎಂ.ಎ. ಮಾಡುವ ಆಸೆ ಇದೆ, ಆದರೆ ಸ್ಟ್ಯಾಟಿಸ್ಟಿಕ್ಸ್ ನೆನೆಸಿಕೊಂಡರೆ ಎದೆ ಡವಡವ ಅನ್ನುತ್ತದೆ ಅಂತ ಬರೆದಿದ್ದೀಯ. ಹತ್ತನೇ ತರಗತಿ ಮುಗಿದ ದಿನವೇ ಗಣಿತಕ್ಕೆ ದೊಡ್ಡ ನಮಸ್ಕಾರ ಹಾಕಿದವನು ನಾನು, ನಿನಗೆ ಗೊತ್ತಲ್ವಾ? ಆದರೂ ಒಂದು ವರ್ಷ ದಾಟಿದೆ, ಇನ್ನೂ ಬದುಕಿದ್ದೇನೆ. ನನಗೆ ಪೆಟ್ಟು ಬಿದ್ದಿದ್ದು ಗಣಿತದಿಂದಲ್ಲ. ಎಲ್ಲಿಂದ ಅಂತ ಹೇಳುತ್ತೇನೆ, ಕೇಳು.

ಮೊದಲ ಪ್ರಾಜೆಕ್ಟ್‌ಗೆ ಒಂದು ಪ್ರಶ್ನಾವಳಿ ಬರೆದೆ. ಹನ್ನೊಂದನೇ ಪ್ರಶ್ನೆ ಹೀಗಿತ್ತು: 'ನೀವು ದಿನಾಲೂ ಸುದ್ದಿ ಓದಿ ಮನೆಯವರ ಜೊತೆ ಚರ್ಚಿಸುತ್ತೀರಾ? ಹೌದು / ಇಲ್ಲ.' 180 ಜನರಿಂದ ತುಂಬಿಸಿಕೊಂಡು ಬಂದೆ. ರಾತ್ರಿಯಿಡೀ ಕೂತು ಕಂಪ್ಯೂಟರ್‌ಗೆ ಹಾಕಿದೆ. ಎರಡು ವಿಷಯಗಳ ನಡುವೆ ಸಂಬಂಧ ಇದೆಯಾ ಅಂತ ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಮಾಡಿದರೆ ಪಿ-ವ್ಯಾಲ್ಯೂ ಅನ್ನುವ ಅಂಕಿ 0.03! ಅದು 0.05ಕ್ಕಿಂತ ಕಡಿಮೆ ಬಂದರೆ ಗೆದ್ದಂತೆ ಅಂತ ಎಲ್ಲರೂ ಹೇಳುತ್ತಾರೆ. ಕುಣಿದಾಡುವುದೊಂದು ಬಾಕಿ. ಮರುದಿನ ಗೈಡ್ ಹಾಳೆ ನೋಡಿ ಒಂದೇ ಮಾತು ಕೇಳಿದರು: 'ಓದುತ್ತೇನೆ, ಆದರೆ ಚರ್ಚೆ ಮಾಡುವುದಿಲ್ಲ ಅನ್ನುವವನು ಎಲ್ಲಿ ಟಿಕ್ ಹಾಕಬೇಕು?'

ನಾನು ಸುಮ್ಮನೆ ನಿಂತೆ. ಒಂದು 'ಇಲ್ಲ' ಒಳಗೆ ಮೂರು ಥರದ ಜನ ಸೇರಿಬಿಟ್ಟಿದ್ದರು. ಓದದವರು, ಓದಿಯೂ ಮಾತಾಡದವರು, ದಿನಾಲೂ ಅಲ್ಲ ಅನ್ನುವವರು. ಈಗ ಅವರನ್ನು ಬೇರೆ ಮಾಡುವ ಯಾವ ಸೂತ್ರವೂ ಇಲ್ಲ. ಮೊದಲೇ ಹತ್ತು ಜನರ ಹತ್ತಿರ ಪೈಲಟ್, ಅಂದರೆ ಪ್ರಶ್ನಾವಳಿಯನ್ನು ಪರೀಕ್ಷಿಸುವ ಸಣ್ಣ ಪ್ರಯೋಗ, ಮಾಡಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತಿತ್ತು. ಸುಮ್ನೆ ಟೈಮ್ ವೇಸ್ಟ್ ಅಂತ ಬಿಟ್ಟಿದ್ದೆ.

ಲೆಕ್ಕವನ್ನು ಸಾಫ್ಟ್‌ವೇರ್ ಮಾಡುತ್ತದೆ, ಅದರ ಚಿಂತೆ ಬಿಡು. 'ಆರ್' ಅನ್ನುವುದು ಪುಕ್ಕಟೆ ಸಿಗುತ್ತದೆ. ಆದರೆ ಅದಕ್ಕೆ ನಾಚಿಕೆ ಅನ್ನುವುದೇ ಇಲ್ಲ. ಗಂಡಿಗೆ 1, ಹೆಣ್ಣಿಗೆ 2 ಅಂತ ಹಾಕಿ ಸರಾಸರಿ ಕೇಳಿದರೆ, 'ಲಿಂಗದ ಸರಾಸರಿ 1.46' ಅಂತ ಗಂಭೀರವಾಗಿ ಹೇಳುತ್ತದೆ!

ಕ್ಲಾಸಿನಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಹಳೆಯ ಅಧ್ಯಯನ. 1930ರ ಸುಮಾರಿಗೆ ಅಮೆರಿಕದಲ್ಲಿ ಚೀನೀಯರ ಮೇಲೆ ತಿರಸ್ಕಾರ ಜೋರಾಗಿದ್ದ ಕಾಲ. ರಿಚರ್ಡ್ ಲಾಪಿಯರ್ ಅನ್ನುವ ಸಮಾಜಶಾಸ್ತ್ರಜ್ಞ ಒಂದು ಚೀನೀ ಯುವ ದಂಪತಿ ಜೊತೆ ಆ ದೇಶವನ್ನೆಲ್ಲ ಸುತ್ತಿದ. ಹೋಟೆಲು, ವಸತಿಗೃಹ ಎಲ್ಲ ಸೇರಿ 251 ಕಡೆ ಹೋದರು. ಬಾಗಿಲು ಹಾಕಿದ್ದು ಒಂದೇ ಒಂದು ಕಡೆ. ಕೆಲವು ತಿಂಗಳ ನಂತರ ಅದೇ ಜಾಗಗಳಿಗೆ ಪತ್ರ ಬರೆದು, 'ಚೀನೀ ಅತಿಥಿಗಳನ್ನು ಸೇರಿಸಿಕೊಳ್ಳುತ್ತೀರಾ?' ಅಂತ ಕೇಳಿದ. ಉತ್ತರ ಬಂದಿದ್ದು 128 ಕಡೆಯಿಂದ. ಅದರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮಂದಿ 'ಇಲ್ಲ' ಅಂದಿದ್ದರು! 1934ರಲ್ಲಿ ಇದು ಪ್ರಕಟವಾಯಿತು.

ಕೇಳಿದ ತಕ್ಷಣ, ಜನ ಹೇಳುವುದೊಂದು ಮಾಡುವುದೊಂದು ಅಂತ ನಾವೆಲ್ಲ ತಲೆ ಆಡಿಸಿದೆವು. ಆಮೇಲೆ ಜಗಳ ಶುರುವಾಯಿತು. ಪತ್ರಕ್ಕೆ ಉತ್ತರ ಬರೆದವನೂ ಬಾಗಿಲಲ್ಲಿ ಬರಮಾಡಿಕೊಂಡವನೂ ಒಬ್ಬನೇ ಏನು? ಜೊತೆಗೊಬ್ಬ ಬಿಳಿಯ ಪ್ರೊಫೆಸರ್ ಇರದಿದ್ದರೆ ಒಳಗೆ ಬಿಡುತ್ತಿದ್ದರಾ? ಒಂದು ಗಂಟೆ ಮಾತಾಡಿದೆವು, ಒಂದು ಸೂತ್ರವೂ ಬೋರ್ಡಿನ ಮೇಲೆ ಬರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೋರ್ಸಿನ ಅರ್ಧ ಭಾಗ ಇಂಥ ಜಗಳವೇ.

ಇನ್ನರ್ಧದಲ್ಲಿ ಲೆಕ್ಕ ಇದೆ, ಸುಳ್ಳು ಹೇಳುವುದಿಲ್ಲ. ಪಿ-ವ್ಯಾಲ್ಯೂ ತಲೆಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. 0.03 ಅಂದರೆ ನನ್ನ ಊಹೆ ನೂರಕ್ಕೆ 97ರಷ್ಟು ನಿಜ ಅಂತ ತಿಳಿದಿದ್ದೆ. ಹಾಗಲ್ಲವಂತೆ. ನಿಜಕ್ಕೂ ಯಾವ ಸಂಬಂಧವೂ ಇಲ್ಲ ಅಂತಲೇ ಇಟ್ಟುಕೋ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣಿಸುವ ಸಾಧ್ಯತೆ ನೂರಕ್ಕೆ 3. ಅಷ್ಟೇ ಅದರ ಅರ್ಥ. ಎಲ್ಲರೂ ಪೂಜೆ ಮಾಡುವ ಆ 0.05ರ ಗೆರೆಯೂ ಮೇಲಿಂದ ಇಳಿದು ಬಂದಿದ್ದೇನಲ್ಲ. 1925ರಲ್ಲಿ ಫಿಶರ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಅನುಕೂಲಕ್ಕೆ ಅಂತ ಹೇಳಿದ್ದು.

ಸ್ಯಾಂಪಲ್, ಅಂದರೆ ಪ್ರಶ್ನೆ ಕೇಳಲು ಆರಿಸಿಕೊಂಡ ಜನರ ಗುಂಪು, ದೊಡ್ಡದಿದ್ದರೆ ಸಾಕು ಅನ್ನುವ ಭ್ರಮೆಯೂ ಬೇಡ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಯಾರಿಗೆ ಮತ ಅಂತ ಕೇಳುವ ಒಂದು ಕೋಟಿ ಹಾಳೆ ಹಂಚಿ, 20 ಲಕ್ಷಕ್ಕಿಂತ ಜಾಸ್ತಿ ಉತ್ತರ ಪಡೆದು, ಲ್ಯಾಂಡನ್ ಅನ್ನುವ ಅಭ್ಯರ್ಥಿ ಗೆಲ್ಲುತ್ತಾನೆ ಅಂದಿತು. ಆದರೆ ಎದುರಾಳಿ ರೂಸ್ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದ. ಎಷ್ಟು ಜನ ಅನ್ನುವುದಕ್ಕಿಂತ ಅವರನ್ನು ಹೇಗೆ ಆರಿಸಿದೆ ಅನ್ನುವುದು ಮುಖ್ಯ. ಎಲ್ಲರಿಗೂ ಸಮಾನ ಅವಕಾಶ ಇರುವಂತೆ ಚೀಟಿ ಎತ್ತಿ ಆರಿಸಿದ 1000 ಜನ ಸಿಕ್ಕರೆ ತಪ್ಪಿನ ಅಂತರ ಸುಮಾರು 3 ಶೇಕಡಾ ಆಚೀಚೆ ಅಷ್ಟೇ.

ಸೇರುವುದು ಬಿಡುವುದು ನಿನಗೆ ಬಿಟ್ಟಿದ್ದು. ಅದಕ್ಕೆ ಮೊದಲು ನನಗೊಂದು ಉಪಕಾರ ಮಾಡು. ಹೊಸ ಪ್ರಶ್ನಾವಳಿ ಇದರ ಜೊತೆ ಕಳಿಸಿದ್ದೇನೆ. ಹನ್ನೊಂದನೇ ಪ್ರಶ್ನೆ ಈಗ ಎರಡಾಗಿದೆ. ಉತ್ತರ ತುಂಬು, ಎಲ್ಲಿ ಪೆನ್ನು ತಡವರಿಸುತ್ತದೋ ಅಲ್ಲೊಂದು ಗೆರೆ ಎಳೆ. ಈ ಸಲ ಪೈಲಟ್‌ನ ಹತ್ತು ಜನರಲ್ಲಿ ನೀನೇ ಮೊದಲನೆಯವನು.

ನಿನ್ನ ಗೆಳೆಯ