ನೆಲ ಒದ್ದೆಯಿದ್ದರೆ ಆಟವಿಲ್ಲ, ಹಣ ವಾಪಸ್: ನಮ್ಮ ಬುಕಿಂಗ್ ನಿಯಮ ಬದಲಾಗಿದೆ

ಆತ್ಮೀಯ ಆಟಗಾರ ಮಿತ್ರರೇ,

ನಮಸ್ಕಾರ. ಶನಿವಾರ, ಭಾನುವಾರ ಹೆಸರಘಟ್ಟದ ಕಡೆಯ ನಮ್ಮ ಕ್ರಿಕೆಟ್ ಮೈದಾನಕ್ಕೆ ಆಡಲು ಬರುವ ಎಲ್ಲ ತಂಡಗಳಿಗೂ ಈ ಪತ್ರ. ಮುಂದಿನ ತಿಂಗಳ ಮೊದಲ ಶನಿವಾರದಿಂದ, ಮೈದಾನ ಆಡುವ ಸ್ಥಿತಿಯಲ್ಲಿಲ್ಲ ಎಂದು ಪಂದ್ಯ ರದ್ದಾದರೆ ನೀವು ಕಟ್ಟಿದ ಹಣ ವಾಪಸ್ ಕೊಡುತ್ತೇವೆ. ಒಂದು ಎಸೆತವೂ ಆಗದಿದ್ದರೆ ಪೂರ್ತಿ ಹಣ. ಪಂದ್ಯ ಶುರುವಾಗಿ, ಎರಡೂ ತಂಡಗಳು ತಲಾ 5 ಓವರ್ ಬ್ಯಾಟ್ ಮಾಡುವ ಮುಂಚೆ ನಿಂತರೆ ಅರ್ಧ. ಟಿ-20ಯಲ್ಲಿ ಫಲಿತಾಂಶ ಬರಬೇಕಾದರೆ ಕನಿಷ್ಠ ಅಷ್ಟು ಓವರ್ ಬೇಕಲ್ಲ, ಅದೇ ಲೆಕ್ಕ ಹಿಡಿದಿದ್ದೇವೆ.

ಇಷ್ಟು ದಿನ ಆಟದ ಹೊತ್ತಿನಲ್ಲಿ ಮಳೆ ಸುರಿದರೆ ಮಾತ್ರ ಬೇರೆ ದಿನ ಕೊಡುತ್ತಿದ್ದೆವು, ಹಣ ಕೊಡುತ್ತಿರಲಿಲ್ಲ. ಆದರೆ ಬೆಂಗಳೂರಿನ ಮಳೆ ಹೇಗೆಂದು ನಿಮಗೇ ಗೊತ್ತು. ಸಂಜೆಗೋ ರಾತ್ರಿಗೋ ಬಂದು ಹೊಡೆಯುತ್ತದೆ, ಬೆಳಿಗ್ಗೆ ನೋಡಿದರೆ ಆಕಾಶ ತಿಳಿ. ನೆಲ ಮಾತ್ರ ಕೆಸರು.

ಕಳೆದ ಅಕ್ಟೋಬರಿನ ಒಂದು ಭಾನುವಾರವೂ ಹಾಗೇ ಆಗಿತ್ತು. ನಮ್ಮ ಮಾಲಿ ಬೆಳಿಗ್ಗೆ ಆರಕ್ಕೇ ಪಿಚ್ ಮೇಲೆ ಹಾಸಿದ ಮ್ಯಾಟಿನ ತುದಿಯ ಮೊಳೆ ಕಿತ್ತು, ಮಡಚಿ ತೋರಿಸಿದರು. ಅಡಿಯ ಕೆಮ್ಮಣ್ಣಿಗೆ ಹೆಬ್ಬೆರಳು ಒತ್ತಿದರೆ ಉಗುರು ಪೂರ್ತಿ ಮುಳುಗಿತು. ಬೆರಳು ತೆಗೆದ ಮೇಲೆ ಆ ಗುಳಿಯಲ್ಲಿ ನಿಧಾನಕ್ಕೆ ನೀರು ಜಿನುಗಿತು. ‘ಹನ್ನೊಂದರ ತನಕ ಬೇಡ ಸಾರ್’ ಅಂದರು. ಅಷ್ಟರಲ್ಲಿ ಎರಡೂ ತಂಡ ಬಂದಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯಿಂದ ಕತ್ತಲಲ್ಲೇ ಹೊರಟು ಬಂದವರಿದ್ದರು. ‘ಪರವಾಗಿಲ್ಲ, ಆಡ್ತೀವಿ’ ಅಂದರು. ಮರದ ಹೊಟ್ಟು ಸುರಿಸಿ ಆಡಿಸಿದೆವು. ನಾಲ್ಕನೇ ಓವರಿನಲ್ಲಿ ಚೆಂಡು ಬಿಡುವ ಗಳಿಗೆಗೆ ಬೌಲರ್ ಹುಡುಗನ ಮುಂಗಾಲು ಜಾರಿತು, ಮಂಡಿ ತಿರುಚಿಕೊಂಡಿತು. ಮೂರು ತಿಂಗಳು ಆತ ಓಡಲಿಲ್ಲ.

ತಪ್ಪು ನಮ್ಮದು. ಕಟ್ಟಿದ ಹಣ ಹೋಯಿತು ಎಂದಾದರೆ ಯಾರಾದರೂ ಆಡುತ್ತೇವೆ ಎಂದೇ ಹೇಳುತ್ತಾರೆ. ಹಾಗೆ ಹೇಳಿಸಿದ್ದು ನಮ್ಮ ನಿಯಮ. ಆ ಹುಡುಗನ ಮನೆಗೆ ಹೋಗಿ ಬಂದ ದಿನವೇ ಇದನ್ನು ಬದಲಿಸಬೇಕೆಂದು ತೀರ್ಮಾನಿಸಿದೆವು.

ಮಳೆ ನಿಂತ ಮೇಲೆ ಆಡಲೇನು ಅಡ್ಡಿ ಎಂದು ಕೇಳುವವರಿಗೆ ಒಂದು ಮಾತು. 2024ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೊಯ್ಡಾದಲ್ಲಿ ಅಫ್ಘಾನಿಸ್ತಾನ–ನ್ಯೂಜಿಲೆಂಡ್ ಟೆಸ್ಟ್ ಒಂದು ಎಸೆತವೂ ಇಲ್ಲದೆ ಮುಗಿಯಿತು. ಮೊದಲ ದಿನ ಬಿಸಿಲಿದ್ದರೂ ಔಟ್‌ಫೀಲ್ಡ್, ಅಂದರೆ ಪಿಚ್ ಸುತ್ತಲಿನ ನೆಲ, ಒಣಗಿರಲಿಲ್ಲ. 2009ರಲ್ಲಿ ಆಂಟಿಗುವಾದ ಟೆಸ್ಟ್ 10 ಎಸೆತಕ್ಕೇ ನಿಂತಿತು. ಅಲ್ಲಿ ಮರಳು ಸಡಿಲವಾಗಿ ಬೌಲರ್‌ಗಳ ಕಾಲು ನಿಲ್ಲುತ್ತಿರಲಿಲ್ಲ. ಅದೇ ವರ್ಷ ದೆಹಲಿಯ ಕೋಟ್ಲಾ ಮೈದಾನದಲ್ಲಿ ಭಾರತ–ಶ್ರೀಲಂಕಾ ಏಕದಿನ ಪಂದ್ಯವನ್ನು ಪಿಚ್ ಅಪಾಯಕಾರಿ ಎಂದು 23.3 ಓವರಿಗೆ ಕೈಬಿಟ್ಟರು. ಹೆಲ್ಮೆಟ್, ಫಿಸಿಯೊ, ಡಾಕ್ಟರ್ ಎಲ್ಲ ಇದ್ದವರೇ ಆಡಲಿಲ್ಲ. ನಮ್ಮಲ್ಲಿ ಬರುವವರು ಸೋಮವಾರ ಕೆಲಸಕ್ಕೆ ಹೋಗಬೇಕಾದವರು.

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2015ರ ದಕ್ಷಿಣ ಆಫ್ರಿಕಾ ಟೆಸ್ಟಿನ ನಾಲ್ಕು ದಿನ ಮಳೆಗೆ ಹೋದ ಮೇಲೆ, ಹುಲ್ಲಿನಡಿಯಿಂದಲೇ ನೀರು ಹೀರುವ ಸಬ್‌ಏರ್ ವ್ಯವಸ್ಥೆ ಬಂತು. ನಮ್ಮ ಹತ್ತಿರ ಇರುವುದು ಟಾರ್ಪಾಲು, ಸ್ಪಂಜು, ಬಿಸಿಲು. ಆ ಸಬ್‌ಏರ್ ಇದ್ದೂ 2022ರ ಜೂನ್ 19ರಂದು ಅದೇ ತಂಡದ ಜೊತೆಗಿನ ಟಿ-20 ಪಂದ್ಯ ಮಳೆಗೆ 3.3 ಓವರಿಗೇ ನಿಂತಿತು, ಟಿಕೆಟ್ ಕೊಂಡವರಿಗೆ ಅರ್ಧ ಹಣ ಮರಳಿಸಿದರು. ನಮ್ಮ ಅರ್ಧದ ನಿಯಮಕ್ಕೆ ಅದೇ ದಾರಿ ತೋರಿಸಿತು.

ಪಂದ್ಯಕ್ಕೆ ಮುಂಚೆ ನಿರ್ಧಾರ ಮಾಲಿಯವರದು. ಬೆಳಿಗ್ಗೆ ಐದಕ್ಕೆ ನೆಲ ನೋಡಿ ಹೇಳುತ್ತಾರೆ, ಐದೂವರೆಯೊಳಗೆ ಎರಡೂ ನಾಯಕರಿಗೆ ಫೋನ್ ಬರುತ್ತದೆ. ಶುರುವಾದ ಮೇಲೆ ಅಂಪೈರ್‌ಗಳದು. ಕ್ರಿಕೆಟ್ ನಿಯಮದಲ್ಲೂ ನೆಲ ಅಪಾಯಕಾರಿಯೇ ಎಂದು ತೀರ್ಮಾನಿಸುವ ಅಧಿಕಾರ ಅವರಿಗಷ್ಟೇ ಇರುವುದು. ಇಬ್ಬರು ನಾಯಕರೂ ಒಪ್ಪಿದರೂ ಮತ್ತೆ ಆಡಿಸುವುದಿಲ್ಲ, ದಯವಿಟ್ಟು ಮಾಲಿಯವರ ಮೇಲೆ ಒತ್ತಡ ಹಾಕಬೇಡಿ. ಟೆನಿಸ್ ಬಾಲ್ ತಂಡಗಳಿಗೂ ಇದೇ ನಿಯಮ. ಚೆಂಡು ಯಾವುದಾದರೂ ಜಾರುವ ನೆಲ ಒಂದೇ. ಬಂದ ಅಂಪೈರ್‌ಗಳ ಸಂಭಾವನೆ ನಾವೇ ಕೊಡುತ್ತೇವೆ, ಅದನ್ನು ನಿಮ್ಮ ಹಣದಲ್ಲಿ ಹಿಡಿಯುವುದಿಲ್ಲ.

ಬಾಡಿಗೆ ಏರಿಸಿಲ್ಲ. ಆದರೆ ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ಬೆಳಗಿನ ಪಂದ್ಯ ಆರೂವರೆಯ ಬದಲು ಎಂಟೂವರೆಗೆ ಶುರುವಾಗುತ್ತದೆ. ಮ್ಯಾಟ್ ಎತ್ತಿ ಮಣ್ಣಿಗೆ ಎರಡು ಗಂಟೆ ಬಿಸಿಲು ತೋರಿಸಿದರೆ ಎಷ್ಟೋ ಪಂದ್ಯ ಉಳಿಯುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಫೀಲ್ಡಿಂಗ್ ಕಷ್ಟ ಎಂದು ಕೆಲವರು ಈಗಾಗಲೇ ಹೇಳಿದ್ದಾರೆ. ಅದಕ್ಕೆ ಆ ಎರಡು ತಿಂಗಳು ಓವರ್ 20ಕ್ಕೆ ಇಳಿಸಿದ್ದೇವೆ.

ಕಳೆದ ಸೆಪ್ಟೆಂಬರಿನಿಂದ ಈಚೆಗೆ ನೆಲ ಒದ್ದೆ ಎಂದು ಆಟ ನಿಂತ ತಂಡಗಳಿಗೂ ಇದೇ ಲೆಕ್ಕದಲ್ಲಿ ಹಣ ಕೊಡುತ್ತೇವೆ. ಬುಕ್ ಮಾಡಿದ ನಂಬರಿಗೇ ಒಂದು ಮೆಸೇಜ್ ಹಾಕಿ. ರಸೀದಿ ಕಳೆದಿದ್ದರೂ ಸರಿ, ನಮ್ಮ ಪುಸ್ತಕದಲ್ಲಿ ತಂಡದ ಹೆಸರು, ತಾರೀಖು ಇದೆ.

ಇಂತಿ ನಿಮ್ಮ,
ಮೈದಾನದ ಬಳಗ